ಖಾರ ಬಿಟ್ಟ ಇಪ್ಪತ್ತೊಂದು ದಿನ

ಜೂನ್ 9, ಸೋಮವಾರ, ಬೆಳಿಗ್ಗೆ 5.50. ಬಚ್ಚಲಿನ ಬಾಗಿಲ ಹೊರಗೆ ನಿಂತು ಡೈರಿಯ ಹೊಸ ಪುಟದಲ್ಲಿ ನಾಲ್ಕು ಗೆರೆ ಎಳೆದೆ. ಎದ್ದಾಗಿನಿಂದ ಆಯಿ, ಅಂದರೆ ನನ್ನ ಅಮ್ಮ, ಒಳಗೆ ಹೋಗಿದ್ದು ಅದು ನಾಲ್ಕನೇ ಸಲ.

"ಎಂತ ಬರೀತಿಯೇ ಅಲ್ಲಿ ನಿಂತ್ಕಂಡು?" ಒಳಗಿನಿಂದಲೇ ಕೇಳಿದಳು.

"ನೀ ಎಷ್ಟು ಸಲ ಹೋದೆ ಅಂತ."

"ಅದನ್ನೂ ಬರೀತಾರಾ? ನಾಚಿಕೆ ಇಲ್ಲ ನಿಂಗೆ."

ಬರೆಯುವುದು ನನ್ನ ಕೆಲಸ. ಹೊನ್ನಾವರದ ಒಂದು ಔಷಧದಂಗಡಿಯಲ್ಲಿ ಯಾವ ಡಬ್ಬಿ ಯಾವ ತಿಂಗಳು ಅವಧಿ ಮುಗಿಸುತ್ತದೆ ಎಂಬ ವಹಿ ನನ್ನ ಕೈಯಲ್ಲಿದೆ. ಅಂಗಡಿಗೆ ಬರುವ ಕಂಪನಿಯವರು ಹೊಸ ವರ್ಷಕ್ಕೆ ಕೊಡುವ ಪುಟ್ಟ ಡೈರಿಯಲ್ಲಿ ಮನೆಯದನ್ನೂ ಬರೆಯುವ ಅಭ್ಯಾಸ ಹಾಗೆ ಬಂತು. ಆ ಡೈರಿಯ ಪ್ರಕಾರ ಆಯಿಗೆ ಉರಿಮೂತ್ರ ಬಂದದ್ದು ಜನವರಿಯಿಂದ ಅದು ಮೂರನೇ ಸಲ. ಹಿಂದಿನ ಎರಡು ಸಲವೂ ನಮ್ಮ ಅಂಗಡಿಯ ಹತ್ತಿರದ ಡಾಕ್ಟರು ಐದು ದಿನದ ಮಾತ್ರೆ ಬರೆದುಕೊಟ್ಟಿದ್ದರು. ಎರಡು ಸಲವೂ ಆಯಿ ಎರಡು ದಿನ ನುಂಗಿ, ಉರಿ ನಿಂತ ಕೂಡಲೇ ಉಳಿದದ್ದನ್ನು ದೇವರ ಗೂಡಿನ ಹಿಂದೆ ಇಟ್ಟಿದ್ದಳು. "ಮುಂದಿನ ಸಲಕ್ಕೆ ಆಗ್ತದೆ" ಅಂತ. ಮುಂದಿನ ಸಲ ಬರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಮನೆಯಲ್ಲೇ ಇರುವ ಹೆಂಗಸಾಗಿದ್ದರೆ ಅವಳು ಇದನ್ನು ಹೀಗೇ ನುಂಗಿಕೊಂಡು ಇರುತ್ತಿದ್ದಳೋ ಏನೋ. ಆದರೆ ಆಯಿ ನಮ್ಮ ಪಂಚಾಯತಿಯ ಒಂದನೇ ವಾರ್ಡಿನ ಸದಸ್ಯೆ. ಭಟ್ಕಳ ಮತ್ತು ಹೊನ್ನಾವರದ ನಡುವೆ ಹೆದ್ದಾರಿಗೆ ಅಂಟಿಕೊಂಡ ಊರು ನಮ್ಮದು. ಹೆದ್ದಾರಿಯ ಬದಿಯ ಮೀನು ಮಾರ್ಕೆಟಿನಲ್ಲಿ ಹೆಂಗಸರು ಬೆಳಿಗ್ಗೆ ಆರಕ್ಕೆ ಬುಟ್ಟಿ ಇಳಿಸಿದರೆ ಏಳುವುದು ಮಧ್ಯಾಹ್ನ ಒಂದಕ್ಕೆ. ಅಷ್ಟು ಹೊತ್ತು ಅವರಿಗೆ ಹೋಗಲು ಒಂದು ಜಾಗವಿಲ್ಲ. ಹಾಗಾಗಿ ಅವರು ನೀರನ್ನೇ ಕುಡಿಯುವುದಿಲ್ಲ. ಆಯಿಯೂ ಹದಿನೆಂಟು ವರ್ಷ ಅದೇ ಮಾರ್ಕೆಟಿನಲ್ಲಿ ಒಣಮೀನು ಮಾರಿದವಳು. ಚುನಾವಣೆಗೆ ನಿಂತಾಗ ಅವಳು ಅವರಿಗೆ ಕೊಟ್ಟದ್ದು ಒಂದೇ ಮಾತು: ಬಾಗಿಲು, ಚಿಲಕ, ನೀರು, ಈ ಮೂರೂ ಇರುವ ಒಂದು ಪಾಯಖಾನೆ. ಸದಸ್ಯರ ಅವಧಿ ಮುಗಿಯಲು ಇನ್ನು ಕೆಲವೇ ತಿಂಗಳು ಉಳಿದಿತ್ತು. ಪಾಯಖಾನೆಯ ಠರಾವು ಮಾತ್ರ ಪಾಸಾಗಿರಲಿಲ್ಲ.

ಪಾಸಾಗದಿರಲು ಕಾರಣ ಸಭೆಯ ನಡಾವಳಿ ಪುಸ್ತಕದಲ್ಲೇ ಇತ್ತು. ಫೆಬ್ರವರಿ, ಮಾರ್ಚ್, ಏಪ್ರಿಲ್, ಮೂರು ತಿಂಗಳೂ ಅದೇ ಸಾಲು: "ಪ್ರಸ್ತಾಪಿಸಿದ ಸದಸ್ಯರು ಸಭೆಯಲ್ಲಿ ಹಾಜರಿಲ್ಲದ ಕಾರಣ ಮುಂದೂಡಲಾಗಿದೆ." ಆಯಿ ಹಾಜರಿದ್ದಳು. ಆದರೆ ಎರಡು ತಾಸಿನ ಸಭೆಯಲ್ಲಿ ನಾಲ್ಕೈದು ಸಲ ಎದ್ದು ಹೋಗಲೇಬೇಕಿತ್ತು. ಪಂಚಾಯತಿ ಕಟ್ಟಡದ ಶೌಚಾಲಯದೊಳಗೆ ಬ್ಲೀಚಿಂಗ್ ಪೌಡರಿನ ಚೀಲ ತುಂಬಿಟ್ಟಿದ್ದರು. ಗಂಡಸರು ಕಟ್ಟಡದ ಹಿಂದಿನ ಗೋಡೆಗೆ ಹೋಗಿ ಬರುತ್ತಿದ್ದರು. ಆಯಿ ರಸ್ತೆ ದಾಟಿ ಎದುರಿನ ದರ್ಜಿಯವರ ಮನೆಗೆ ಹೋಗಬೇಕು. ಹೋಗಿ ಬರಲು ಒಂಬತ್ತು ನಿಮಿಷ. ಅವಳು ಎದ್ದ ಕೂಡಲೇ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಅಜೆಂಡಾದಲ್ಲಿ ಪಾಯಖಾನೆಯ ವಿಷಯ ಎತ್ತುತ್ತಿದ್ದರು. ಅದರ ಮೇಲೊಂದು ನಗೆ ಬೇರೆ. "ಒಂದನೇ ವಾರ್ಡು ಒಂದಕ್ಕೆ ಹೋಯ್ತು, ಮುಂದಿನದು ಓದಿ."

ಈ ಮಾತನ್ನು ಆಯಿ ಮನೆಗೆ ಬಂದು ನಗುತ್ತಲೇ ಹೇಳಿದಳು. ಹೇಳಿ, ಅಕ್ಕಿ ಆರಿಸಲು ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೊಮ್ಮೆ ಆರಿಸಿದಳು. ಆವತ್ತು ನಾನು ಲೆಕ್ಕ ಇಡಬೇಕೆಂದುಕೊಂಡೆ.

ಎಷ್ಟು ಸಲ ಎದ್ದೆ ಎಂದು ಸಭೆಯಲ್ಲಿ ಕೂತು ಬರೆಯಲು ಅವಳು ಒಪ್ಪಲಿಲ್ಲ. ಅದಕ್ಕೆ ನಾವೊಂದು ದಾರಿ ಹುಡುಕಿದೆವು. ಆಯಿಯ ಬಲಗೈ ಬಳೆಯಲ್ಲಿ ಯಾವಾಗಲೂ ಆರೇಳು ಪಿನ್ನು ನೇತಾಡುತ್ತಿರುತ್ತವೆ. ಒಂದು ಸಲ ಎದ್ದರೆ ಒಂದು ಪಿನ್ನು ಎಡಗೈ ಬಳೆಗೆ. ಸಂಜೆ ನಾನು ಎಡಗೈ ನೋಡಿ ಬರೆದುಕೊಳ್ಳುವುದು.

ಜೂನ್ 12, ಗುರುವಾರ. ಕುಮಟಾದಲ್ಲಿ ಹೆಂಗಸರ ಡಾಕ್ಟರು ಒಬ್ಬರಿದ್ದಾರೆ, ಅವರೂ ಹೆಂಗಸು, ಘಟ್ಟದ ಮೇಲಿನ ಊರಿನವರು ಎಂದು ನಮ್ಮ ಅಂಗಡಿಯಲ್ಲಿ ಹೇಳಿದ್ದರು. ನನಗೆ ಆ ದಿನ ಅವಧಿ ಮುಗಿದ ಮಾಲು ವಾಪಸು ಕಳಿಸುವ ಕೆಲಸವಿತ್ತು. ಆಯಿ ಒಬ್ಬಳೇ ಬಸ್ಸು ಹತ್ತಿ ಹೋಗಿ ಬಂದಳು. ಸಂಜೆ ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತು ವರದಿ ಒಪ್ಪಿಸಿದಳು.

"ಪಾಪ, ಎಷ್ಟು ಚೆಂದ ಕನ್ನಡ ಮಾತಾಡ್ತ್ರು ಗೊತ್ತಾ? ಒಂದೂ ಇಂಗ್ಲಿಷ್ ಇಲ್ಲ. ಉಚ್ಚೆ ಲ್ಯಾಬಿಗೆ ಕೊಟ್ಟು ಬಂದೆ. ಮಾತ್ರೆ ಐದು ದಿನ, ಬಿಡೂಕಾಗ. ಮತ್ತೆ ಎರಡು ಮಾತು ಹೇಳ್ರು. ಆ ಜಾಗದಲ್ಲಿ ಹುಳಿ ಕಡಿಮೆ ಆಗ್ಯದೆ. ಖಾರ ಪೂರ್ತಿ ಬಿಡಬೇಕು."

"ಖಾರ?" ಎಂದರು ಅಪ್ಪ.

"ಪೂರ್ತಿ."

ಅಪ್ಪನ ಮುಖ ನೋಡಲಾಗಲಿಲ್ಲ. ಮಳೆಗಾಲಕ್ಕೆ ಬೋಟು ಬಂದ್ ಆಗಿರುವ ತಿಂಗಳು, ಹಸಿಮೀನು ಸಿಗುವುದೇ ಅಪರೂಪ, ಒಣಮೀನಿನ ಸಾರೊಂದೇ ಗತಿ. ಅದಕ್ಕೂ ಮೆಣಸಿಲ್ಲ ಎಂದರೆ? ಎರಡು ಪಾತ್ರೆಯಲ್ಲಿ ಎರಡು ಸಾರು ಕುದಿಸಲು ಆಯಿ ತಯಾರಿಲ್ಲ. ಜೂನ್ 13ರಿಂದ ಮನೆಯಲ್ಲಿ ಮೆಣಸು ಬಂದ್. ಹುಳಿ ಕಡಿಮೆಯಾಗಿದೆ ಎಂದಿದ್ದರಲ್ಲ, ಅದಕ್ಕೆ ಮೂರು ಹೊತ್ತು ಮುರುಗಲು ಹಣ್ಣಿನ ಕಡಿ, ಅಂದರೆ ಒಣಸಿಪ್ಪೆ ನೆನೆಸಿದ ಕೆಂಪು ಹುಳಿನೀರು. ಸಾರಿಗೂ ಅದೇ ಸಿಪ್ಪೆ, ಪಲ್ಯಕ್ಕೂ ಅದೇ.

"ಇದು ಸಾರಾ, ಬಟ್ಟೆ ಬಣ್ಣ ಹಾಕೂಕೆ ಇಟ್ಟ ನೀರಾ?" ಮೂರನೇ ದಿನ ಅಪ್ಪ ಕೇಳಿದರು.

"ಉಣ್ಣಿ ಸುಮ್ನೆ. ಹೆಂಡ್ತಿ ಸಲುವಾಗಿ ಇಷ್ಟೂ ಆಗೂದಿಲ್ಲಾ?"

"ನಿನ್ನ ಸಲುವಾಗಿ ವಿಷ ಬೇಕಾದ್ರೂ ಕುಡಿತೆ ಮಾರಾಯ್ತಿ. ಅದು ಇದಕ್ಕಿಂತ ರುಚಿ ಇರ್ತದೆ."

ಡೈರಿಯಲ್ಲಿ ಒಂದು ಸಾಲು ಹೆಚ್ಚಾಯಿತು. ದಿನಕ್ಕೆ ಕುಡಿದ ನೀರು ಇಷ್ಟು ಲೋಟ, ಮುರುಗಲು ಇಷ್ಟು, ಖಾರ ಸೊನ್ನೆ, ಉರಿ ಇದೆಯೋ ಇಲ್ಲವೋ. ಈ ಸಲ ಐದೂ ದಿನದ ಮಾತ್ರೆಯನ್ನು ನಾನೇ ಕಣ್ಣೆದುರು ನುಂಗಿಸಿದೆ. ಮೂರನೇ ದಿನಕ್ಕೆ ಉರಿ ನಿಂತಿತು. ಆದರೆ ಪದೇ ಪದೇ ಹೋಗಬೇಕೆನಿಸುವುದು, ಒಣಗಿದಂತೆ ಕೆರೆತ, ಇವೆರಡೂ ಹಾಗೇ ಉಳಿದವು. ಜೂನ್ 26ರ ಸಭೆಯ ದಿನ ಎಡಗೈ ಬಳೆಯಲ್ಲಿ ಐದು ಪಿನ್ನು. ನಡಾವಳಿಯಲ್ಲಿ ಅದೇ ಹಳೆಯ ಸಾಲು. ಜುಲೈ 1, ಮಂಗಳವಾರ ಬೆಳಿಗ್ಗೆ ಮತ್ತೆ ಉರಿ, ಜೊತೆಗೆ ಚಳಿ ಜ್ವರ.

ಆ ದಿನ ನಾನು ಹಿಂದಿನ ಪುಟಗಳನ್ನೆಲ್ಲ ತಿರುಗಿಸಿ ನೋಡಿದೆ. ಖಾರ ತಿಂದ ತಿಂಗಳು ಬಂದ ಹಾಗೇ ಖಾರ ಬಿಟ್ಟ ತಿಂಗಳೂ ಉರಿ ಬಂದಿತ್ತು. ಇದನ್ನು ಡಾಕ್ಟರಿಗೆ ತೋರಿಸಲೇಬೇಕೆಂದು ರಜೆ ಹಾಕಿದೆ.

ಜುಲೈ 4, ಶುಕ್ರವಾರ, ಕುಮಟಾ. ಡಾಕ್ಟರು ನನ್ನ ಡೈರಿ ತೆಗೆದುಕೊಂಡು ಒಂದೊಂದೇ ಪುಟ ನೋಡಿದರು. ಒಂದು ಕಡೆ ಬೆರಳು ನಿಂತಿತು.

"ಖಾರ ಸೊನ್ನೆ, ಖಾರ ಸೊನ್ನೆ. ಇದೇನಮ್ಮ ಇದು?"

"ನೀವೇ ಹೇಳಿದ್ದಲ್ದಾ? ಖಾರ ಪೂರ್ತಿ ಬಿಡಿ ಅಂತ. ಇವತ್ತಿನ ತನಕ ಒಂದು ಮೆಣಸು ಮುಟ್ಟಲಿಲ್ಲ. ಇಪ್ಪತ್ತೊಂದು ದಿನ ಆಗಿ ಮೇಲಾತು."

ಡಾಕ್ಟರು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುವುದು ಕಂಡಿತು. ಅಳುತ್ತಿದ್ದಾರೆಂದು ಆಯಿ ಗಾಬರಿಯಾದಳು.

"ಅಮ್ಮ, ನಾನು ಹೇಳಿದ್ದು ಖಾರ ಅಲ್ಲ. ಕ್ಷಾರ. ಸಾಬೂನು! ಸಾಬೂನು ಕ್ಷಾರ, ಅದನ್ನು ಅಲ್ಲಿಗೆ ಹಾಕಿ ತೊಳೆಯಬೇಡಿ ಅಂದೆ. ಇನ್ನು ಮೇಲೆ ಇಂಗ್ಲಿಷಿನಲ್ಲೇ ಸೋಪು ಅನ್ನುತ್ತೇನೆ."

ಆಯಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಮೆಣಸು ಬಿಟ್ಟು ಆಯಿ ಮಾಡಿದ್ದು ಇನ್ನೊಂದೇ. ಕೊಳೆಯಿಂದಲೇ ರೋಗ ಎಂದುಕೊಂಡು ದಿನಕ್ಕೆ ಮೂರು ಸಲ ಸಾಬೂನು ಹಾಕಿ ತೊಳೆಯುತ್ತಿದ್ದಳು. ಬಿಡಬೇಕಾದ್ದನ್ನು ಹೆಚ್ಚು ಮಾಡಿ, ಇದಕ್ಕೆ ಸಂಬಂಧವೇ ಇಲ್ಲದ್ದನ್ನು ಬಿಟ್ಟಿದ್ದಳು.

"ಸಾಬೂನು ಒಂದೇನಾ, ಬೇರೆ ಏನಾದರೂ ಹಾಕ್ತೀರಾ?"

"ಒಂದು ಔಷಧಿ ನೀರಿಗೆ ಹಾಕಿ ತೊಳೀತೆ. ಗಾಯ ತೊಳೆಯೂದು, ಹಾಲಿನಂಗೆ ಬೆಳ್ಳಗಾಗ್ತದಲ್ಲ, ಅದು."

"ಅದನ್ನು ಯಾರು ಕೊಟ್ಟರು?"

"ಔಷಧದಂಗಡಿಯಲ್ಲಿ ಕೊಟ್ಟರು," ಎಂದಳು ಆಯಿ, ನನ್ನ ಕಡೆ ತಿರುಗದೆ.

ಅದನ್ನು ತಂದುಕೊಟ್ಟವಳು ನಾನೇ. ಮಾರ್ಚ್ 3ರ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇದೆ. ಡಾಕ್ಟರಿಗೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡು ಇಬ್ಬರಿಗೂ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನು ಬಸ್ಸಿನಲ್ಲೇ ಬರೆದುಕೊಂಡೆ.

ಯೋನಿಯೊಳಗೆ ಒಂದು ಜಾತಿಯ ಒಳ್ಳೆಯ ಬ್ಯಾಕ್ಟೀರಿಯಾ ವಾಸವಾಗಿರುತ್ತವೆ. ಹಾಲನ್ನು ಮೊಸರು ಮಾಡುವವರ ಬಳಗವೇ. ಮುಟ್ಟಾಗುವ ವಯಸ್ಸಿನಲ್ಲಿ ದೇಹದ ಹಾರ್ಮೋನು ಅಲ್ಲಿನ ಗೋಡೆಯಲ್ಲಿ ಒಂದು ಬಗೆಯ ಸಕ್ಕರೆಯನ್ನು ಕೂಡಿಡುತ್ತದೆ. ಅದು ಇವುಗಳ ಊಟ. ಉಂಡು ಇವು ಹುಳಿ ಬಿಡುತ್ತವೆ. ಮೊಸರಿನಲ್ಲಿರುವ ಹುಳಿಯೇ ಅದು. ಆ ಹುಳಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯಲಾರವು. ಉರಿಮೂತ್ರ ತರುವುದು ಹೆಚ್ಚಾಗಿ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಆಯಿಯ ಲ್ಯಾಬ್ ವರದಿಯಲ್ಲೂ ಅದೇ ಬೆಳೆದಿತ್ತು. ಅದು ಹಿಂದಿನಿಂದ ಬಂದು ಮೊದಲು ಯೋನಿಯ ಬಾಯಲ್ಲಿ ಬೀಡು ಬಿಡುತ್ತದೆ, ಅಲ್ಲಿಂದ ಮೂತ್ರದ ದಾರಿ ಬೆರಳಿನಗಲವೂ ದೂರವಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನು ಇಳಿಯುತ್ತದೆ, ಒಳ್ಳೆಯವುಗಳಿಗೆ ಊಟ ಕಡಿಮೆಯಾಗುತ್ತದೆ, ಹುಳಿ ಹೋಗುತ್ತದೆ, ಬೀಡು ಬಿಡಲು ಜಾಗ ಸಿಗುತ್ತದೆ. ಆಯಿಗೆ ಮುಟ್ಟು ನಿಂತು ನಾಲ್ಕು ವರ್ಷ. ಮಾತ್ರೆ ಕೆಟ್ಟವನ್ನು ಓಡಿಸುತ್ತದೆ ನಿಜ, ಆದರೆ ಅಳಿದುಳಿದ ಒಳ್ಳೆಯವನ್ನೂ ಓಡಿಸುತ್ತದೆ. ಮೇಲಿಂದ ಸಾಬೂನು, ಮೇಲಿಂದ ನಾನು ತಂದ ಔಷಧಿ ನೀರು.

"ಹಾಗಾದ್ರೆ ಮೊಸರು ಹಚ್ಚಿದ್ರೆ?" ಆಯಿ ಕೇಳಿದಳು.

"ಮೊಸರೂ ಬೇಡ, ನಿಂಬೆಹಣ್ಣೂ ಬೇಡ, ಮುರುಗಲೂ ಬೇಡ. ಕುಡಿದ ಹುಳಿ ಅಲ್ಲಿಗೆ ಹೋಗೋದಿಲ್ಲ. ಮುರುಗಲು ಕುಡೀರಿ, ಚೆನ್ನಾಗಿರುತ್ತೆ, ಅಷ್ಟೇ."

ಆಮೇಲೆ ಪರದೆಯ ಹಿಂದೆ ಪರೀಕ್ಷೆ ಮಾಡಿ ಒಂದು ಸಣ್ಣ ಕಾಗದದ ಪಟ್ಟಿ ತಂದು ನನಗೆ ತೋರಿಸಿದರು. ಹುಳಿ ಇದ್ದರೆ ಅದು ಹಳದಿಯಾಗಿಯೇ ಉಳಿಯಬೇಕು. ಆಯಿಯದು ಹಸಿರಿಗೆ ತಿರುಗಿತ್ತು. ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿದರೆ ಆರೂವರೆ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ನಾಲ್ಕು, ನಾಲ್ಕೂವರೆಯ ಹತ್ತಿರ ಇದ್ದರೆ ಒಳ್ಳೆಯದು ಎಂದರು. ಆರೂವರೆ ಎಂದು ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದೆ.

ಜ್ವರಕ್ಕೆ, ಉರಿಗೆ ವರದಿ ನೋಡಿ ಬೇರೆ ಮಾತ್ರೆ ಕೊಟ್ಟರು. ಸ್ತನದಲ್ಲಿ ಗಂಟಿತ್ತೇ, ಮುಟ್ಟು ನಿಂತ ಮೇಲೆ ರಕ್ತ ಕಂಡಿತ್ತೇ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಒಂದೊಂದಾಗಿ ಕೇಳಿ, ಇಲ್ಲವೆಂದ ಮೇಲೆ ಒಂದು ಮುಲಾಮು ಬರೆದರು. ಕಡಿಮೆಯಾದ ಹಾರ್ಮೋನೇ ಅದರಲ್ಲಿ ಸ್ವಲ್ಪ ಇರುತ್ತದಂತೆ. ಒಳಗೆ ಹಚ್ಚಿಕೊಳ್ಳಬೇಕು, ಮೊದಲ ಎರಡು ವಾರ ದಿನಾ, ಆಮೇಲೆ ವಾರಕ್ಕೆ ಎರಡು ಸಲ. ತೊಳೆಯಲು ಬರೀ ನೀರು. "ಎರಡು ಮೂರು ತಿಂಗಳು ಬೇಕು, ಅವಸರ ಮಾಡಬೇಡಿ," ಎಂದರು. ಆಯಿ ಸೀರೆ ಸರಿಮಾಡಿಕೊಳ್ಳುತ್ತ ಲೆಕ್ಕ ಹಾಕಿದಳು. "ಸೆಪ್ಟೆಂಬರ್ ಸಭೆಗೆ ಆಗ್ತದಾ?"

ಆ ರಾತ್ರಿ ಊಟಕ್ಕೆ ಆಯಿ ಒಣಸಿಗಡಿ ಸಾರು ಮಾಡಿದಳು. ಹದಿನಾರು ಒಣಮೆಣಸು ಹಾಕಿದ್ದನ್ನು ನಾನು ಎಣಿಸಿದ್ದೇನೆ. ಅಪ್ಪನ ಕಣ್ಣಲ್ಲಿ ನೀರು.

"ಖಾರಕ್ಕಾ?" ಎಂದು ಕೇಳಿದೆ.

"ಖುಷಿಗೆ," ಎಂದರು. "ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳು. ಮುಂದೆ ಕನ್ನಡ ಮಾತಾಡೂ ಮುಂಚೆ ನನ್ನನ್ನು ಕೇಳಲಿ."

ಜುಲೈ 24ರ ಸಭೆ: ನಾಲ್ಕು ಪಿನ್ನು. ಹೆಚ್ಚಿನ ಬದಲಾವಣೆ ಇಲ್ಲ. ಆಯಿಗೆ ಮುಲಾಮಿನ ಮೇಲೆ ಅನುಮಾನ ಬಂದಿತ್ತು. ಆದರೆ ಉರಿಯ ಸಾಲಿನಲ್ಲಿ ಜುಲೈ 6ರ ನಂತರ ಒಂದೂ ಗೆರೆ ಇಲ್ಲವೆಂದು ತೋರಿಸಿದೆ. ಚೌತಿ ಹತ್ತಿರ ಬಂತೆಂದು ಮುಂದಿನ ಸಭೆಯನ್ನು ಆಗಸ್ಟ್ 21ಕ್ಕೇ ಇಟ್ಟರು: ಎರಡು ಪಿನ್ನು. ಆ ಎರಡನೆಯ ಸಲದಲ್ಲೇ ಅಧ್ಯಕ್ಷರು ವಿಷಯ ಎತ್ತಿ ಮುಂದೂಡಿದ್ದರು. "ಒಂಬತ್ತು ನಿಮಿಷ ಕಾಯೂಕಾಗಲಿಲ್ಲ ನೋಡು ಅವಕ್ಕೆ," ಎಂದಳು. ಈ ಸಲ ಅಕ್ಕಿ ಆರಿಸಲು ಕೂರಲಿಲ್ಲ. ಮಾರ್ಕೆಟಿಗೆ ಹೋಗಿ ಹೆಂಗಸರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದಳು.

ಸೆಪ್ಟೆಂಬರ್ 19, ಶುಕ್ರವಾರ, ಮತ್ತೆ ಕುಮಟಾ. ಪಟ್ಟಿ ಹಳದಿ. ನಾಲ್ಕೂವರೆ. ಆಯಿ ಆ ಕಾಗದದ ತುಂಡನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಹುಳಿ ಬಂತಲೇ," ಎಂದಳು.

ಸೆಪ್ಟೆಂಬರ್ 25, ಗುರುವಾರ, ಬೆಳಿಗ್ಗೆ 11.05ಕ್ಕೆ ಸಭೆ ಶುರು. ಆಯಿ ಮನೆಯಿಂದ ಹೊರಡುವ ಮೊದಲು ಎರಡು ಲೋಟ ನೀರು ಕುಡಿದಳು, ನನ್ನ ಎದುರೇ, ಬೇಕೆಂದೇ. ನಾನು ಎದುರಿನ ದರ್ಜಿಯವರ ಜಗಲಿಯಲ್ಲಿ ಕೂತೆ. ಪಂಚಾಯತಿಯ ಕಿಟಕಿ ಪೂರಾ ತೆರೆದಿತ್ತು. ರಸ್ತೆಯಲ್ಲಿ ಲಾರಿ ಹೋಗುವಾಗ ಬಿಟ್ಟರೆ ಒಳಗಿನ ಮಾತು ಕೇಳುತ್ತಿತ್ತು.

ಮೊದಲ ತಾಸು ಬೀದಿದೀಪ, ಗಟಾರ. ಹನ್ನೆರಡೂ ಕಾಲಾಯಿತು. ಆಯಿ ಎದ್ದಿಲ್ಲ. ಪಿಡಿಒ ಆರನೇ ವಿಷಯ ಓದಿ ಮುಗಿಸಿದರು. ಏಳನೆಯದು ನಮ್ಮದು. ಅಧ್ಯಕ್ಷರು ಎಂಟನೆಯದನ್ನು ಮೊದಲು ತೆಗೆದುಕೊಳ್ಳೋಣ ಎಂದರು. ಅದೂ ಮುಗಿಯಿತು.

"ಎಂತ, ಒಂದನೇ ವಾರ್ಡು ಇವತ್ತು ಗಟ್ಟಿ ಕೂತದಲ್ಲ?" ಯಾರೋ ಕೇಳಿ ನಕ್ಕರು.

"ನಾ ಇವತ್ತು ಏಳೂದಿಲ್ಲ," ಆಯಿಯ ದನಿ. "ಬೇಕಾದವರು ಹೋಗಿ ಬನ್ನಿ, ನಾ ಕಾಯ್ತೆ."

ಐದು ನಿಮಿಷಕ್ಕೆ ಎದ್ದವರು ಅಧ್ಯಕ್ಷರೇ. ಅವರಿಗೆ ಸಕ್ಕರೆ ಕಾಯಿಲೆ ಇದೆ, ನಮ್ಮ ಅಂಗಡಿಯಿಂದಲೇ ಮಾತ್ರೆ ಹೋಗುತ್ತದೆ. ಕಟ್ಟಡದ ಹಿಂದಿನ ಗೋಡೆಯ ಕಡೆ ನಡೆದದ್ದನ್ನು ಜಗಲಿಯಿಂದ ನೋಡಿದೆ. ಒಳಗೆ ಉಪಾಧ್ಯಕ್ಷೆ, ಅವರೂ ಹೆಂಗಸು, ಆಯಿಗೆ ಹೇಳಿದ್ದು ಕೇಳಿತು: "ಅಕ್ಕಾ, ಅವರು ಬರೂದ್ರೊಳಗೆ ನಾ ತಗಳ್ತೆ ನಿನ್ನ ಠರಾವು. ಈಗ ಖುರ್ಚಿ ನಂದೇ."

ಹೂಂ ಅನ್ನು, ಹೂಂ ಅನ್ನು ಎಂದು ಒಳಗೊಳಗೇ ಹೇಳುತ್ತಿದ್ದೆ.

"ಬೇಡ," ಎಂದಳು ಆಯಿ. "ಎದ್ದು ಹೋದವರ ಬೆನ್ನ ಹಿಂದೆ ಠರಾವು ಮಾಡೂದು ನಂಗೆ ಬೇಡ. ಬರಲಿ ಅವರು."

ಅವರು ಬಂದರು.

"ಬಂದ್ರಾ? ಕೂತ್ಕಳಿ. ಏಳನೇ ವಿಷಯ ನಿಮ್ಮ ಸಲುವಾಗೇ ಕಾದು ಕೂತದೆ. ನೀವು ಹೋಗಿದ್ರಿ, ಗೋಡೆ ಸಿಕ್ತು, ಮುಗೀತು. ನಿಮಗೆ ಗೋಡೆ ಸಾಕು ಅಧ್ಯಕ್ಷರೇ. ನಮಗೆ ಬಾಗಿಲು ಬೇಕು."

ಆಮೇಲೆ ಹದಿನೈದು ನಿಮಿಷ ಅವಳೊಬ್ಬಳೇ ಮಾತಾಡಿದಳು. ನೀರು ಕುಡಿಯದೆ ಏಳು ತಾಸು ಕೂರುವುದು ಎಂದರೆ ಏನು, ತಡೆದುಕೊಂಡರೆ ಏನಾಗುತ್ತದೆ, ಹುಳಿ ಎಂದರೆ ಏನು, ಕ್ಷಾರ ಎಂದರೆ ಏನು. ಕ್ಷಾರ ಎನ್ನುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಒಬ್ಬರೂ ನಗಲಿಲ್ಲ. ಸಹಿ, ಹೆಬ್ಬೆಟ್ಟಿನ ಕಾಗದ ಮೇಜಿನ ಮೇಲೆ ಇಟ್ಟಳು. 12.58ಕ್ಕೆ ಪಿಡಿಒ ಗಟ್ಟಿಯಾಗಿ ಓದಿದರು: "ಸರ್ವಾನುಮತದಿಂದ ಒಪ್ಪಲಾಗಿದೆ." ಬ್ಲೀಚಿಂಗ್ ಪೌಡರಿನ ಚೀಲಗಳನ್ನು ಅದೇ ವಾರ ಹೊರಗೆ ತೆಗೆಯಬೇಕೆಂಬ ಮಾತನ್ನೂ ಅದರ ಕೆಳಗೆ ಸೇರಿಸಿದರು.

1.10ಕ್ಕೆ ಆಯಿ ಹೊರಗೆ ಬಂದು ರಸ್ತೆಯ ಆಚೆ ನಿಂತು ಎಡಗೈ ಎತ್ತಿ ತೋರಿಸಿದಳು. ಬಳೆ ಖಾಲಿ. ಏಳು ಪಿನ್ನೂ ಬಲಗೈಯಲ್ಲೇ ಮಿಂಚುತ್ತಿದ್ದವು. ರಸ್ತೆ ದಾಟಿ ಬಂದವಳೇ, "ಸರಿ ಆತು, ಈಗ ಬಿಡು ದಾರಿ," ಎಂದು ದರ್ಜಿಯವರ ಮನೆಯೊಳಕ್ಕೆ ಓಡಿದಳು. ಆ ಸಲವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಮಾರ್ಕೆಟಿನ ಪಕ್ಕ ಪಾಯ ತೋಡಿ ನಾಲ್ಕು ಸಾಲು ಕಲ್ಲು ಏರಿದೆ. ಉರಿಯ ಸಾಲು ಇನ್ನೂ ಖಾಲಿ. ಆದರೆ ನನ್ನ ಡೈರಿ ಉತ್ತರ ಕೊಡದ ಎರಡು ಪ್ರಶ್ನೆ ಉಳಿದಿವೆ. ಮಾರ್ಕೆಟಿನ ಒಬ್ಬರನ್ನು ಆಯಿ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರಿಗಿನ್ನೂ ಮುಟ್ಟು ನಿಂತಿಲ್ಲ, ಪಟ್ಟಿಯೂ ಹಳದಿಯೇ ಇತ್ತು, ಆದರೂ ಅವರಿಗೆ ಪದೇ ಪದೇ ಉರಿ ಬರುತ್ತದೆ. ಹುಳಿ ಸರಿಯಾಗಿದ್ದಾಗಲೂ ಈ ಬ್ಯಾಕ್ಟೀರಿಯಾ ಹೇಗೆ ದಾಟಿ ಹೋಗುತ್ತದೆ? ಇನ್ನೊಂದು, ಆಯಿ ಮುಲಾಮು ನಿಲ್ಲಿಸಿದರೆ ಆ ನಾಲ್ಕೂವರೆ ಎಷ್ಟು ಕಾಲ ನಿಲ್ಲುತ್ತದೆ? ಡಾಕ್ಟರು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಎಂದರು. ನಿಮ್ಮಲ್ಲಿ ಯಾರಾದರೂ ಓದಿದವರಿದ್ದರೆ, ಇಲ್ಲವೇ ನನ್ನ ಹಾಗೆ ಮನೆಯಲ್ಲಿ ಲೆಕ್ಕ ಇಟ್ಟವರಿದ್ದರೆ, ದಯವಿಟ್ಟು ಬರೆದು ತಿಳಿಸಿ. ತಾರೀಖು ಹಾಕಿ ಬರೆಯಿರಿ. ಕ್ಷಾರ ಎಂಬ ಪದ ಬಂದರೆ ಪಕ್ಕದಲ್ಲಿ ಸೋಪು ಎಂದೂ ಬರೆಯಿರಿ; ಕಾಗದ ಮೊದಲು ಓದುವವಳು ಆಯಿ.